ಮೂರು ಸೀತೆ ಕೂಗಿತು

ದೆಹಲಿಯ ಸರೋಜಿನಿ ನಗರದ ಹೊಸ ಸರ್ಕಾರಿ ಕ್ವಾರ್ಟರ್ಸಿನ ಎಂಟನೆಯ ಮಹಡಿಯ ಆ ಮನೆಯಲ್ಲಿ ಎರಡು ವರ್ಷದಿಂದ ಸಾರಿಗೆ ಉಪ್ಪು ಸಾಲುತ್ತಿರಲಿಲ್ಲ. ಹಾಗೆಂದು ಮನೆಯ ಸೊಸೆ ಮನೋರಮಾಗೆ ಅಡುಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ಕನ್ನಡ ಬಳಗದ ಯುಗಾದಿ ಊಟಕ್ಕೆ ಇನ್ನೂರು ಜನರಿಗೆ ಸಾರು ಕುದಿಸುವವಳು ಅವಳೇ. ಕರೋಲ್ ಬಾಗಿನಿಂದ, ನೋಯ್ಡಾದಿಂದ ಬಂದವರು ಅದನ್ನು ಲೋಟದಲ್ಲಿ ಹಿಡಿದು ಕುಡಿದು, ಉಳಿದದ್ದನ್ನು ಡಬ್ಬಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಮನೆಯ ಸಾರು ಮಾತ್ರ ಸಪ್ಪೆ.

ಕಾರಣ ಗೊತ್ತಿದ್ದವರು ಗಂಡ ಹೆಂಡತಿ ಇಬ್ಬರೇ. ಎರಡು ವರ್ಷದ ಹಿಂದೆ ಮನೋರಮಾಳ ಅತ್ತೆ ಅಹಲ್ಯಮ್ಮನವರಿಗೆ ತಲೆಸುತ್ತು ಬಂದಾಗ ಡಾಕ್ಟರು ಬಿಪಿ ನೋಡಿ ಹೌಹಾರಿ, ಉಪ್ಪು ಕಡಿಮೆ ಮಾಡಬೇಕೆಂದು ಚೀಟಿ ಬರೆದುಕೊಟ್ಟಿದ್ದರು. "ಉಪ್ಪು ಬಿಡೋದಾದ್ರೆ ಊಟಾನೇ ಬಿಡ್ತೀನಿ" ಎಂದು ಅಹಲ್ಯಮ್ಮ ಘೋಷಿಸಿದರು. ಒಂದೂವರೆ ದಿನ ಬಿಟ್ಟೂಬಿಟ್ಟರು. ಕೊನೆಗೆ ಮಗ ಮಹಂತೇಶ, "ಆ ರಿಪೋರ್ಟು ಬೇರೆ ಯಾರದ್ದೋ ಅಂತಮ್ಮ, ನಿನಗೇನೂ ಇಲ್ಲ" ಎಂದು ಸುಳ್ಳು ಹೇಳಿ ಉಣ್ಣಿಸಿದ. ಅಂದಿನಿಂದ ಬಿಪಿ ಮಾತ್ರೆ 'ವಿಟಮಿನ್' ಆಯಿತು, ಚೀಟಿ ಅಕ್ಕಿ ಡಬ್ಬದ ತಳ ಸೇರಿತು. ಮಹಂತೇಶ ಮಂತ್ರಾಲಯವೊಂದರಲ್ಲಿ ಅಂಡರ್ ಸೆಕ್ರೆಟರಿ. ಆಫೀಸಿನ ಕ್ಯಾಂಟೀನಿನಿಂದ ಪುಟ್ಟ ಪುಟ್ಟ ಉಪ್ಪಿನ ಪೊಟ್ಟಣಗಳನ್ನು ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅಮ್ಮ ಆ ಕಡೆ ತಿರುಗಿದಾಗ ತಟ್ಟೆಗೆ ಉದುರಿಸಿಕೊಳ್ಳುವ ಕಲೆಯನ್ನು ಅವನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿತ.

"ಕಣ್ಣೀರೂ ಇದಕ್ಕಿಂತ ಉಪ್ಪಾಗಿರುತ್ತೆ" ಎಂದು ಅಹಲ್ಯಮ್ಮ ದಿನವೂ ಹೇಳುತ್ತಿದ್ದರು.

"ಮರ್ತುಹೋಯ್ತು ಅತ್ತೆ" ಎಂದು ಮನೋರಮಾ ದಿನವೂ ಹೇಳುತ್ತಿದ್ದಳು.

ಈ ಗುಟ್ಟನ್ನು ಮಗಳು ಧಾರಿಣಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಸಂಜೆಯೊಳಗೆ ಅಜ್ಜಿಯ ಕಿವಿಗೆ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷದ ಧಾರಿಣಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ವಾರಕ್ಕೆ ಮೂರು ದಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು. ಉಳಿದ ದಿನ ತಾನು ಕಟ್ಟಿದ ಹನ್ನೆರಡು ಜನರ ತಂಡಕ್ಕೆ ಪ್ರಯೋಗದ ಸಂಗೀತ ರಚಿಸುತ್ತಿದ್ದಳು. ವಾದ್ಯವಿಲ್ಲ, ತಾಳವಿಲ್ಲ, ಬರೀ ಬಾಯಿ. ಅವಳ ಮೊದಲ ಕೃತಿ ನೀರಿನ ಮೇಲಿನ ಒಂದು ಹಿಂದಿ ಕವಿತೆಯನ್ನು ಆಧರಿಸಿತ್ತು; ಅದರಲ್ಲಿ ಹನ್ನೆರಡೂ ಜನ ಹದಿನೆಂಟು ನಿಮಿಷ ಉಸಿರು ಬಿಟ್ಟು, ಕೊನೆಯಲ್ಲಿ ಒಮ್ಮೆ "ಪಾನಿ" ಎಂದಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಹಂತೇಶ ಹೆಂಡತಿಯ ಕಡೆ ಬಾಗಿ, "ಹಾಡು ಯಾವಾಗ ಶುರುವಾಗುತ್ತಂತೆ?" ಎಂದು ಕೇಳಿದಾಗ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು.

ಈ ಸಲ ಒಂದು ಸಂಗೀತೋತ್ಸವದವರು ಅವಳಿಗೆ ಹೇಳಿಕಳಿಸಿದ್ದರು: ನಿಮ್ಮ ಮಾತೃಭಾಷೆಯ ಜನಪದ ಹಾಡೊಂದನ್ನು ಹಿಡಿದು ಹೊಸ ಕೃತಿ ಮಾಡಿ, ಏಪ್ರಿಲ್‌ನಲ್ಲಿ ಪ್ರದರ್ಶನ.

"ಅಮ್ಮ, ನಿಂಗೆ ಯಾವ್ದಾದ್ರೂ ಬೀಸೋ ಹಾಡು ಬರುತ್ತಾ? ಗ್ರೈಂಡಿಂಗ್ ಸಾಂಗ್?"

"ಮಿಕ್ಸಿ ಹಾಡುತ್ತಲ್ಲ, ಕೇಳ್ಕೋ. ನಂಗೆ ಪುರಸೊತ್ತಿಲ್ಲ."

ಧಾರಿಣಿ ಅಜ್ಜಿಯ ಕೋಣೆಗೆ ಹೋಗಿ, ಫೋನನ್ನು ಮಂಚದ ಮೇಲಿಟ್ಟು, ಕಾಲು ಮಡಚಿ ಕೂತಳು.

ಇಲ್ಲಿ ಒಂದು ಸತ್ಯ ಹೇಳಲೇಬೇಕು. ಅಹಲ್ಯಮ್ಮ ತಿಪಟೂರಿನ ಪೋಸ್ಟ್‌ಮಾಸ್ಟರರ ಮಗಳು. ಮನೆಯ ಎದುರೇ ಹಿಟ್ಟಿನ ಗಿರಣಿ. ಜನ್ಮದಲ್ಲಿ ಒಂದು ಸೇರು ರಾಗಿ ಬೀಸಿದವರಲ್ಲ. ಬೀಸುವ ಕಲ್ಲಿನ ಗೂಟ ಯಾವ ಕಡೆಗಿರುತ್ತದೆಂದೂ ಅವರಿಗೆ ಗೊತ್ತಿರಲಿಲ್ಲ. ಆದರೆ ಮೊಮ್ಮಗಳು ಹೀಗೆ ಪಕ್ಕದಲ್ಲಿ ಕೂತು ತನ್ನ ಮುಖವನ್ನೇ ನೋಡಿ ಎಷ್ಟು ವರ್ಷವಾಗಿತ್ತೋ. 'ಬರೋದಿಲ್ಲ' ಎಂದರೆ ಎದ್ದು ಹೋಗಿಬಿಡುತ್ತಾಳಲ್ಲ ಎಂದು ಆ ಮುದುಕಿಗೆ ಸಂಕಟವಾಯಿತು.

"ಬರುತ್ತೆ ಮಗಾ. ಬೇಕಾದಷ್ಟು ಬರುತ್ತೆ. ಸ್ವಲ್ಪ ನೆನಪು ಮಾಡ್ಕೊಳ್ತೀನಿ ಇರು."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಅಹಲ್ಯಮ್ಮನವರಿಗೆ ಮಧ್ಯಾಹ್ನದ ಸಾರು ನೆನಪಾಯಿತು. ಹೊಟ್ಟೆಯೊಳಗಿದ್ದ ಸಂಕಟ ತಾನಾಗಿ ಪದವಾಗಿ ಬಂತು:

ಮೂರು ಸೀಟಿ ಕೂಗಿತು, ಬೇಳೆ ಬೆಂದಿತೇನಮ್ಮ
ಊರಿಗೆಲ್ಲ ರುಚಿಯ ಬಡಿಸುವ ಕೈಗೆ
ಸಾರಿಗೆ ಮನೆಯಲ್ಲಿ ಉಪ್ಪು ಭಾರ

ಮೂವತ್ತು ವರ್ಷ ದೆಹಲಿಯಲ್ಲಿದ್ದು ಕುಕ್ಕರಿನ ಕೂಗಿಗೆ ಅವರ ಬಾಯಲ್ಲಿ 'ಸೀಟಿ' ಎಂದೇ ಬರುತ್ತಿತ್ತು. ಆದರೆ ಅವರ ಮೇಲಿನ ಹಲ್ಲಿನ ಸೆಟ್ಟು ಸಡಿಲ. ನಾಲಿಗೆ ಮಡಚಿ 'ಟ' ಎಂದರೆ ಸೆಟ್ಟು ಕೆಳಗೆ ಬೀಳುತ್ತದೆಂದು ಎಲ್ಲ ಟಕಾರವನ್ನೂ ಅವರು ತಕಾರಕ್ಕೆ ಇಳಿಸಿದ್ದರು. ಲೋಟ ಲೋತವಾಗಿತ್ತು, ಟೊಮ್ಯಾಟೊ ತೊಮ್ಯಾತೊ. (ಓದುವವರಿಗೆ ತೊಂದರೆ ಬೇಡವೆಂದು ಅವರ ಮಾತನ್ನು ನಾನು ಸರಿಪಡಿಸಿಯೇ ಬರೆಯುತ್ತಿದ್ದೇನೆ.) ಧಾರಿಣಿಯ ಕಿವಿಗೆ ಸೀಟಿ 'ಸೀತಿ'ಯಾಗಿ ಬಿತ್ತು. ಜನಪದದಲ್ಲಿ ಸೀತಿ ಎಂದರೆ ಸೀತೆಯಲ್ಲದೆ ಇನ್ಯಾರು?

"ಓ ಮೈ ಗಾಡ್, ಅಜ್ಜಿ! ಮೂರು ಸೀತೆ! ಇದು ಎಷ್ಟು ಹಳೇದು?"

ಅಹಲ್ಯಮ್ಮ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಸಾವರಿಸಿಕೊಂಡರು. "ನಮ್ಮಜ್ಜಿಯ ಅಜ್ಜಿ ಕಾಲದ್ದು" ಎಂದರು.

* * *

ಎರಡು ವಾರ ಧಾರಿಣಿ ಊಟ ನಿದ್ದೆ ಬಿಟ್ಟು ಬರೆದಳು. ಊಟ ಬಿಟ್ಟದ್ದು ಮನೆಯಲ್ಲಿ ಮಾತ್ರ. ಮಾರ್ಕೆಟ್ಟಿನಲ್ಲಿ ಮೊಮೊ ತಿನ್ನುತ್ತಿದ್ದಳು. ಕಾರ್ಯಕ್ರಮದ ಪುಸ್ತಿಕೆಗೆ ಟಿಪ್ಪಣಿಯೂ ಸಿದ್ಧವಾಯಿತು: ಮೊದಲ ಸೀತೆ ನೇಗಿಲಿನ ಗೆರೆಯಲ್ಲಿ ಅಳುವ ಮಗು, ಎರಡನೆಯವಳು ಕಾಡಿನಲ್ಲಿ ಕೂಗುವವಳು, ಮೂರನೆಯವಳು ನೆಲದೊಳಗೆ ಇಳಿಯುವವಳು, ಉಪ್ಪು ಎಂದರೆ ಹೆಣ್ಣಿನ ಕಣ್ಣೀರು.

ಮನೋರಮಾ ಅದನ್ನು ಓದಿ, "ಸೀತೆ ಕೂಗಿದಳು ಅನ್ಬೇಕಲ್ವೇನೆ? ಕೂಗಿತು ಅಂದ್ರೆ?" ಎಂದಳು.

"ಅಮ್ಮ, ಫೋಕ್ ಅಲ್ವಾ. ಗ್ರಾಮರ್ ಐಸಾ ಹೀ ಹೋತಾ ಹೈ, ಹೀಗೇನೇ."

ತಾಯಿ ಪುಟ ತಿರುಗಿಸಿದಳು. ಮಗಳ ಹೆಸರು ದಪ್ಪಕ್ಷರದಲ್ಲಿ ಕಂಡ ಸಂತೋಷಕ್ಕೆ ಬಳಗದ ನಲವತ್ತು ಮನೆಗೆ ಫೋನು ಮಾಡಿ ಎಲ್ಲರನ್ನೂ ಕರೆದಳು. ಬಳಗದ ಅಧ್ಯಕ್ಷ ಈಶ್ವರಪ್ಪನವರು ಮುಂದಿನ ಸಾಲೇ ಬೇಕೆಂದರು.

ತಂಡದ ಅಭ್ಯಾಸ ನಡೆಯುತ್ತಿದ್ದದ್ದು ಓಖ್ಲಾದಲ್ಲಿ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ. ಒಂದು ಭಾನುವಾರ ಪ್ರೆಸ್ಸಿನವರಿಗೆ ಮದುವೆ ಕಾರ್ಡುಗಳ ಅವಸರವಿತ್ತು. ಮಿಷನ್ನಿನ ಸದ್ದಿಗೆ ಉಸಿರೂ ಕೇಳಿಸದೆ ಧಾರಿಣಿ ಹನ್ನೆರಡೂ ಜನರನ್ನು ಮನೆಗೇ ಕರೆತಂದಳು. ಸೋಫಾ ಗೋಡೆಗೆ ಸರಿಯಿತು.

"ನೆನಪಿರಲಿ, ನಮ್ಮ ನಿಯಮ" ಎಂದಳು ಧಾರಿಣಿ ಹಿಂದಿಯಲ್ಲಿ. "ಹಾಡುವಾಗ ಹೊರಗಿನಿಂದ ಯಾವ ಸದ್ದು ಬಂದರೂ ನಿಲ್ಲಿಸೋದಿಲ್ಲ. ಅದನ್ನೇ ಎತ್ತಿಕೊಂಡು ಹಾಡೋದು. ಕೆಮ್ಮಿದರೆ ಕೆಮ್ಮು."

ಹೇಳಿ ಮುಗಿಸುವುದರೊಳಗೆ ಕೆಳಗಿನಿಂದ "ಆಲೂ ಲೇಲೋ, ಪ್ಯಾಜ್ ಲೇಲೋ" ಎಂಬ ತರಕಾರಿಯವನ ಕೂಗು ಬಂತು. ತಂಡದ ಹಿರಿಯ ದನಿ ಹರ್‌ಪ್ರೀತ್ ತಕ್ಷಣ "ಲೇಲೋ" ಎಂದು ಎತ್ತಿಕೊಂಡಳು. ಉಳಿದ ಹನ್ನೊಂದು ಜನ ಲೇಲೋವನ್ನು ಮೂರು ಸ್ಥಾಯಿಯಲ್ಲಿ ಎಳೆದರು. ಅಹಲ್ಯಮ್ಮ ತಮ್ಮ ಕುರ್ಚಿಯಲ್ಲಿ ತಲೆದೂಗಿದರು.

ಒಳಗೆ ಮನೋರಮಾ ಅಷ್ಟು ಜನಕ್ಕೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಹೊರಗಿನ ಹಾಲ್‌ನಿಂದ "ಸೀ—" ಎಂದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದು ಕೇಳಿದ್ದೇ ತಡ, ಅವಳು ಚಾಕು ಕೆಳಗಿಟ್ಟು ಒಲೆಯ ಹತ್ತಿರ ಹೋಗಿ ಗ್ಯಾಸಿನ ಗುಬಟು ತಿರುಗಿಸಿದಳು. ಒಲೆ ಹಚ್ಚಿರಲೇ ಇಲ್ಲ. ಕುಕ್ಕರು ಸಿಂಕಿನಲ್ಲಿ ಬೋರಲು ಬಿದ್ದಿತ್ತು.

ಮನೋರಮಾ ಹಾಗೇ ನಿಂತಳು. ಹೊರಗೆ ಹನ್ನೆರಡು ಜನ ಹಾಡುತ್ತಿದ್ದರು. ತಂಡದ ಬೆಂಗಾಲಿಗಳ ಬಾಯಲ್ಲಿ ಬೇಳೆ 'ಬೇಲೆ' ಆಗಿತ್ತು. ಪಂಜಾಬಿನ ಹರ್‌ಪ್ರೀತ್ ಮಾತ್ರ ಳಕಾರವನ್ನು ಚೊಕ್ಕವಾಗಿ ನುಡಿಯುತ್ತಿದ್ದಳು. ಬೇಳೆ, ಊರಿಗೆಲ್ಲ ರುಚಿ, ಮನೆಯಲ್ಲಿ ಉಪ್ಪು ಭಾರ. ಇದು ತನ್ನ ಅಡುಗೆಮನೆಯದೇ ಹಾಡೆಂದು ಮನೋರಮಾಗೆ ಹೊಳೆಯಿತು. ಈ ಪದವನ್ನು ಏಪ್ರಿಲ್‌ನಲ್ಲಿ ನಲವತ್ತು ಮನೆಯವರ ಮುಂದೆ ಹಾಡುತ್ತಾರೆ, ಕರೆದವಳು ತಾನೇ.

* * *

ತಂಡ ಹೋದಮೇಲೆ ಅವಳು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು.

"ಅತ್ತೆ, ಅದು ಸೀತೆಯೋ ಸೀಟಿಯೋ?"

"ಯಾವುದು?"

"ನಿಮ್ಮ ಅಜ್ಜಿಯ ಅಜ್ಜಿ ಕಾಲದ ಹಾಡು. ಆಗ ಕುಕ್ಕರ್ ಇತ್ತಾ?"

"ಮಗು ಸೀತೆ ಅಂತಿದೆಯಲ್ಲ? ಅವಳು ಓದಿದೋಳು. ನಾನೇನು ಅವಳಿಗಿಂತ ಬುದ್ಧಿವಂತೆನಾ?" ಅಹಲ್ಯಮ್ಮ ಹತ್ತಿ ಬಿಡಿಸಿ ಬತ್ತಿ ಹೊಸೆಯತೊಡಗಿದರು.

"ಊರಿಗೆಲ್ಲ ರುಚಿ ಬಡಿಸೋ ಕೈ ಅಂದ್ರೆ ಯಾರ ಕೈ ಅತ್ತೆ?"

"ಹಾಡಿನ ಸೊಸೆ ಕೈ. ನಿನಗ್ಯಾಕೆ ಉರಿ? ನೀನು ಸಾರಿಗೆ ಉಪ್ಪು ಹಾಕ್ತೀಯೇನು?"

ಮನೋರಮಾ ಬಾಗಿಲಿಂದ ಹಿಂದೆ ಸರಿದಳು. ಹೇಳಿದರೆ ಚೀಟಿಯ ಕಥೆ ಹೊರಗೆ ಬರುತ್ತದೆ. ಆಮೇಲೆ ಅತ್ತೆ ಊಟ ಬಿಟ್ಟರೆ? ಅವಳು ಸೀದಾ ಗಂಡನ ಹತ್ತಿರ ಹೋದಳು.

"ರೀ, ನಿಮ್ಮಮ್ಮ ನನ್ನ ಸಾರಿನ ಮೇಲೆ ಪದ ಕಟ್ಟಿದ್ದಾರೆ. ನಿಮ್ಮ ಮಗಳು ಅದನ್ನ ಹನ್ನೆರಡು ಜನಕ್ಕೆ ಕಲಿಸಿದ್ದಾಳೆ."

ಮಹಂತೇಶ ಪೇಪರ್ ಕೆಳಗಿಟ್ಟು ಎಲ್ಲವನ್ನೂ ಕೇಳಿದ. "ಪುಸ್ತಿಕೆ ಅಚ್ಚಾಗಿಬಿಟ್ಟಿದೆ. ಇದನ್ನ ಸದ್ಯಕ್ಕೆ ಪೆಂಡಿಂಗ್ ಇಡೋಣ."

"ಈಶ್ವರಪ್ಪನವರಿಗೆ ಅರ್ಥ ಆಗಲ್ವಾ?"

"ಉಸಿರಾಟದ ಕೃತಿ ನನಗೇ ಅರ್ಥ ಆಗಿರ್ಲಿಲ್ಲ. ಸುಮ್ನಿರು ಎರಡು ವಾರ."

"ನಿಮಗೇನ್ರಿ, ಜೇಬಲ್ಲಿ ಉಪ್ಪಿದೆ!" ಎಂದು ಮನೋರಮಾ ಅತ್ತೇಬಿಟ್ಟಳು.

ಮರುದಿನ ಮಧ್ಯಾಹ್ನ ಅವಳು ಹಠಕ್ಕೆ ಬಿದ್ದಳು. ಸಾರಿಗೆ ಬಳಗದ ಊಟಕ್ಕೆ ಹಾಕುವ ಹದದಲ್ಲಿ ಉಪ್ಪು ಹಾಕಿ, ಇಂಗಿನ ಒಗ್ಗರಣೆ ಕೊಟ್ಟು, ಏನೂ ಮಾತಾಡದೆ ಬಡಿಸಿದಳು. ಅಹಲ್ಯಮ್ಮ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು.

"ಹಾ! ಸಾರು ಅಂದ್ರೆ ಇದು. ಇನ್ನೊಂದು ಸೌಟು ಹಾಕು."

ಹಾಕಿದಳು. ಅದನ್ನೂ ಉಂಡು, ತಟ್ಟೆ ಓರೆ ಮಾಡಿ ಅವರು ಮೂರನೆಯ ಸೌಟು ಕೇಳಿದಾಗ ಮನೋರಮಾ ಸೌಟನ್ನು ಪಾತ್ರೆಗೇ ಮರಳಿ ಇಟ್ಟಳು. ಎರಡು ವರ್ಷದ ಹಿಂದೆ ಬಚ್ಚಲಿನ ಬಾಗಿಲಲ್ಲಿ ಕುಸಿದು ಕೂತಿದ್ದ ಅತ್ತೆಯ ಬಿಳಿಚಿದ ಮುಖ ಕಣ್ಣಮುಂದೆ ಬಂತು.

"ಹಳಸಿದೆ ಅತ್ತೆ" ಎಂದವಳೇ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಅಷ್ಟನ್ನೂ ಸಿಂಕಿಗೆ ಸುರಿದಳು.

"ಅಯ್ಯಯ್ಯೋ! ಈಗ ಮಾಡಿದ ಸಾರು ಹಳಸುತ್ತೇನೇ?" ಅಹಲ್ಯಮ್ಮ ಕೈ ಎತ್ತಿ ಮೊಮ್ಮಗಳನ್ನು ಕೂಗಿದರು. "ನೋಡೇ ಧಾರಿಣಿ, ಎರಡು ವರ್ಷಕ್ಕೊಂದು ದಿನ ಚೆನ್ನಾಗಿತ್ತು, ಅದನ್ನೂ ಚೆಲ್ಲಿದಳು!"

ಧಾರಿಣಿ ಕೋಣೆಯಿಂದ, "ಅಜ್ಜಿ, ಚೆಲ್ಲಿದಳು ಅನ್ನೋದನ್ನ ಇನ್ನೊಮ್ಮೆ ಹೇಳಿ, ರೆಕಾರ್ಡ್ ಮಾಡ್ತೀನಿ" ಎಂದಳು.

* * *

ಪ್ರದರ್ಶನಕ್ಕೆ ಒಂದು ವಾರವಿದ್ದಾಗ ಧಾರಿಣಿ ಅಮ್ಮನ ಸೆರಗು ಹಿಡಿದಳು. ಬೇಲೆ ಎನ್ನುವವರ ನಾಲಿಗೆ ತಿದ್ದಬೇಕು, ಬಂದು ಕಲಿಸು ಎಂದು. ಮನೋರಮಾ ಒಲ್ಲೆನೆಂದವಳು, ಏನನ್ನೋ ಯೋಚಿಸಿ ಒಪ್ಪಿದಳು. ಮೆಟ್ರೋ ಹತ್ತಿ ಓಖ್ಲಾಗೆ ಹೋಗಿ, ಪ್ರೆಸ್ಸಿನ ಶಾಯಿ ವಾಸನೆಯ ಆ ಕೋಣೆಯಲ್ಲಿ ಒಂದು ಗಂಟೆ 'ಬೇಳೆ' ಕಲಿಸಿದಳು.

"ಅಮ್ಮ, ಪ್ರಾಬ್ಲಮ್ ಇನ್ನೊಂದಿದೆ" ಎಂದಳು ಧಾರಿಣಿ. "ಪೀಸ್ ಹನ್ನೊಂದು ನಿಮಿಷಕ್ಕೇ ಮುಗೀತಿದೆ. ಅಜ್ಜಿನ ಇನ್ನೊಂದು ನುಡಿ ಕೇಳಿದ್ರೆ ಯಾದ್ ನಹೀ ಅಂತಾರೆ."

"ನಂಗೊಂದು ನೆನಪಿದೆ" ಎಂದಳು ಮನೋರಮಾ. "ಸೊಸೆ ಹೇಳೋ ನುಡಿ."

"ಸಚ್ ಮೇ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ" ಎಂದು ಮನೋರಮಾ ನೆಲ ನೋಡುತ್ತ ಹೇಳಿಕೊಟ್ಟಳು. ಅದನ್ನು ಅವಳು ಮೆಟ್ರೋದಲ್ಲಿ ನಿಂತುಕೊಂಡು ಕಟ್ಟಿದ್ದಳು.

ಕಪ್ಪು ಶಾಯಿಲಿ ವೈದ್ಯ ಬರೆದೋಲೆ ಅಕ್ಕಿಯೊಳಗೈತೆ
ಉಪ್ಪೇನು ನನ್ನ ಕೈಗೆ ಭಾರವೆ ಅತ್ತೆಮ್ಮ
ಉಪ್ಪು ನಿನ್ನೆದೆಗೆ ಬಲು ಭಾರ

"ವೈದ್ಯ ಮತ್ಲಬ್ ದೇವರು, ಅಲ್ವಾ? ಅಕ್ಕಿ ಮತ್ಲಬ್ ಸಂಸಾರ."

"ಹೂಂ. ಹಾಗೇ ಇಟ್ಕೋ."

ಹರ್‌ಪ್ರೀತ್ ಮಾತ್ರ ಅರ್ಥ ಕೇಳಿಕೊಂಡು, ಮನೋರಮಾಳ ಮುಖ ನೋಡಿ, "ಆಂಟೀಜಿ, ನಮ್ಮ ಮನೆಯಲ್ಲೂ ಅತ್ತೆಗೆ ಬಿಪಿ" ಎಂದು ಹಿಂದಿಯಲ್ಲಿ ಪಿಸುಗುಟ್ಟಿದಳು. ಮನೋರಮಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

* * *

ಮಂಡಿ ಹೌಸಿನ ಹತ್ತಿರದ ಒಂದು ಸಣ್ಣ ಸಭಾಂಗಣ. ಶನಿವಾರ ಸಂಜೆ ಐದಕ್ಕೆ ಬಳಗದ ನಲವತ್ತು ಮನೆಯವರೂ ರೇಷ್ಮೆ ಉಟ್ಟು ಬಂದರು. ಮುಂದಿನ ಸಾಲಿನಲ್ಲಿ ಈಶ್ವರಪ್ಪ, ಅವರ ಪಕ್ಕ ಅಹಲ್ಯಮ್ಮ, ಆಮೇಲೆ ಮಹಂತೇಶ. ಉಚ್ಚಾರಣೆ ಕಲಿಸಿದವಳೆಂದು ಮನೋರಮಾಳನ್ನು ವೇದಿಕೆಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು.

ದೀಪ ಇಳಿಯಿತು. "ಸೀ—" ಎಂದಿತು ತಂಡ. ಸಣ್ಣಗೆ ಶುರುವಾಗಿ, ಏರಿ, ಥಟ್ಟನೆ ನಿಂತಿತು. ಎರಡನೆಯ ಸೀತೆಯ ಕೂಗಿಗೆ ಹಿಂದಿನ ಸಾಲುಗಳ ಹೆಂಗಸರು ಚಡಪಡಿಸಿದರು. ಮೂರನೆಯದು ಮುಗಿದಾಗ ಕತ್ತಲಲ್ಲಿ ಯಾರೋ ಗಟ್ಟಿಯಾಗಿ, "ಮೂರಾಯ್ತು, ಆರಿಸ್ರೀ" ಎಂದುಬಿಟ್ಟರು. ಈಶ್ವರಪ್ಪನವರು ಹಿಂದೆ ತಿರುಗಿ, "ಶ್! ಸೀತಾಮಾತೆ ಭೂಮಿಗೆ ಇಳೀತಿದ್ದಾಳೆ" ಎಂದು ಗದರಿದರು. ಅಷ್ಟರಲ್ಲಿ ತಂಡ 'ಆರಿಸ್ರೀ'ಯನ್ನು ಎತ್ತಿಕೊಂಡು ಮೂರು ಸಲ ಸುತ್ತಿಸಿತ್ತು.

ಮೊದಲ ನುಡಿ ಬಂತು, ಉಪ್ಪು ಭಾರವಾಯಿತು. ಅಹಲ್ಯಮ್ಮ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ ಕೂತರು. ಮನೋರಮಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಎಲ್ಲರೂ ಸುಮ್ಮನಾಗಿ, ಹರ್‌ಪ್ರೀತ್ ಒಬ್ಬಳೇ ಮುಂದೆ ಬಂದು ಸೊಸೆಯ ನುಡಿ ಎತ್ತಿದಳು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ವೈದ್ಯ. ಓಲೆ. ಅಕ್ಕಿ. ಅತ್ತೆಮ್ಮ.

ಅಹಲ್ಯಮ್ಮ ಮಗನ ಕಡೆ ತಿರುಗಿದರು. "ಇದು ನಾನು ಹೇಳಿದ್ದಲ್ಲ."

ಮಹಂತೇಶ ಸಭಾಂಗಣದ ಸೀಲಿಂಗ್ ನೋಡತೊಡಗಿದ. ಹಾಗೆ ಅವನು ಸೀಲಿಂಗ್ ನೋಡಿದ್ದನ್ನು ಹಿಂದೊಮ್ಮೆ, ಆ 'ಬೇರೆಯವರ ರಿಪೋರ್ಟಿನ' ದಿನವೂ ಅವರು ಕಂಡಿದ್ದರು. ಎಲ್ಲವೂ ಒಟ್ಟಿಗೆ ಹೊಳೆಯಿತು: ಸಪ್ಪೆ ಸಾರು, ವಿಟಮಿನ್, ಸಿಂಕಿಗೆ ಸುರಿದ ಪಾತ್ರೆ. ಅಹಲ್ಯಮ್ಮ ಎದ್ದು ನಿಂತರು.

"ಅದಕ್ಕೇನೇ ಮನೋರಮಾ? ಬಾಯಿಬಿಟ್ಟು ಹೇಳೋಕೇನಾಗಿತ್ತು?"

ಎಲ್ಲರ ತಲೆ ಅವರ ಕಡೆ ತಿರುಗಿತು. ಆದರೆ ನಿಯಮವೆಂದರೆ ನಿಯಮ. ಹರ್‌ಪ್ರೀತ್ ಆ ದನಿಯನ್ನೇ ಹಿಡಿದು, "ಹೇಳೋಕೇನಾಗಿತ್ತು" ಎಂದಳು. ಹನ್ನೊಂದು ಜನ ಅದನ್ನು ಹಂಚಿಕೊಂಡರು. ಹೇಳೋಕೆ, ಹೇಳೋಕೆ, ಏನಾಗಿತ್ತು.

ಮನೋರಮಾಗೂ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು, "ಹೇಳಿದ್ರೆ ನೀವು ಕೇಳ್ತಿದ್ರಾ ಅತ್ತೆ? ಊಟ ಬಿಟ್ಟು ಮಲಗಿದ್ರಲ್ಲ!" ಎಂದಳು.

"ಕೇಳ್ತಿದ್ರಾ, ಕೇಳ್ತಿದ್ರಾ" ಎಂದಿತು ತಂಡದ ಅರ್ಧ. "ಏನಾಗಿತ್ತು" ಎಂದಿತು ಇನ್ನರ್ಧ.

"ಎರಡು ವರ್ಷ ಬೈಸ್ಕೊಂಡ್ಯಲ್ಲೇ, ಹುಚ್ಚಿ!"

"ಬೈದ್ರೆ ಬೈಯಿರಿ, ನೀವು ಇದ್ರೆ ಸಾಕು!"

ಇದು ಹಾಡೇ ಆಗಿಹೋಯಿತು. 'ಹುಚ್ಚಿ' ಮೇಲಿನ ಸ್ವರದಲ್ಲಿ, 'ಇದ್ರೆ ಸಾಕು' ಕೆಳಗಿನ ಸ್ವರದಲ್ಲಿ, ನಡುವೆ ಬೇಳೆ ಬೇಯುತ್ತಿತ್ತು. ನಾಲ್ಕು ನಿಮಿಷ. ತಂಡದೆದುರು ನಿಂತು ಹಾಡಿಸುತ್ತಿದ್ದ ಧಾರಿಣಿ ಕೈ ಎತ್ತಿದವಳು ಇಳಿಸುವುದನ್ನೇ ಮರೆತಳು. ಅಮ್ಮ ಅಜ್ಜಿ ಇಬ್ಬರೂ ಅಳುತ್ತಿದ್ದಾರೆಂದು ಅವಳಿಗೆ ತಿಳಿದದ್ದು ಜನರೆಲ್ಲ ಎದ್ದು ನಿಂತಮೇಲೆ.

ಈಶ್ವರಪ್ಪನವರು ವೇದಿಕೆ ಹತ್ತಿ ಮೈಕು ಹಿಡಿದರು. "ಈ ಪದವನ್ನು ನಮ್ಮಜ್ಜಿ ಹಾಡ್ತಿದ್ದರು. ಕೊನೆಯ ಜಗಳದ ನುಡಿ ಸಮೇತ!" ಎಂದು ಕಣ್ಣೊರೆಸಿಕೊಂಡರು.

* * *

ಭಾನುವಾರ ಮಧ್ಯಾಹ್ನ. ಮನೋರಮಾ ಸಾರನ್ನು ಬಟ್ಟಲುಗಳಿಗೆ ಬಡಿಸಿ, ಒಲೆಯ ಮೇಲೆ ಅನ್ನದ ಕುಕ್ಕರಿಟ್ಟು ತಟ್ಟೆ ಹಾಕುತ್ತಿದ್ದಳು. ಅಹಲ್ಯಮ್ಮ ಅಡುಗೆಮನೆಗೆ ಬಂದು, ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ ಚೀಟಿ ಹೊರಗೆ ತೆಗೆದರು. ಒಂದೊಂದಾಗಿ ಅಕ್ಕಿ ಕಾಳು ಕೊಡವಿ ಮಗನ ಕೈಗೆ ಕೊಟ್ಟರು.

"ಓದು. ಸುಳ್ಳು ಸೇರಿಸಬೇಡ."

ಮಹಂತೇಶ ಓದಿದ. ತಾರೀಖನ್ನೂ ಓದಿದ.

"ಜೇಬು ಖಾಲಿ ಮಾಡು."

ಅವನು ಏಳು ಉಪ್ಪಿನ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟ. ಕುಕ್ಕರು ಒಮ್ಮೆ ಕೂಗಿತು.

"ಕಳ್ಳ" ಎಂದರು ಅಹಲ್ಯಮ್ಮ. ಆಮೇಲೆ ಸೊಸೆಯ ಕಡೆ ನೋಡದೆ, "ಮನೋರಮಾ, ಇವತ್ತಿಂದ ಇವರಿಗೆಲ್ಲ ಉಪ್ಪು ಹಾಕಿ ಮಾಡು. ನನ್ನದು ಮೊದಲೇ ತೆಗೆದಿಡು" ಎಂದರು.

"ಊಟ ಬಿಡಲ್ವಲ್ಲ ಅತ್ತೆ?"

"ಬಿಟ್ರೆ ನಿನ್ನನ್ನ ಬೈಯೋರ್ಯಾರು?"

ಮನೋರಮಾ ಸೆರಗಿನಿಂದ ಮುಖ ಒರೆಸಿಕೊಂಡು ಸೌಟು ಹುಡುಕುವವಳಂತೆ ಆಚೆ ತಿರುಗಿದಳು. ಕುಕ್ಕರು ಎರಡನೆಯ ಸಲ ಕೂಗಿತು. ಮೇಜಿನ ಮುಂದೆ ಕೂತಿದ್ದ ಧಾರಿಣಿ ಕತ್ತು ಓರೆ ಮಾಡಿ ಕಿವಿಗೊಟ್ಟಳು. ಅವಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು.

"ಅಜ್ಜಿ... ಏ ತೋ ಮೇರಾ ಸುರ್ ಹೈ. ಇದು ನಮ್ಮ ಸೀತೆಯ ಸ್ವರ."

ಮಹಂತೇಶ ಸೀಲಿಂಗ್ ನೋಡಿದ.

"ಅಜ್ಜಿ, ಆ ಹಾಡಲ್ಲಿ ಏನಿತ್ತು? ಸರಿಯಾಗಿ ಹೇಳಿ."

ಅಹಲ್ಯಮ್ಮ ಹೆಬ್ಬೆರಳಿನಿಂದ ಮೇಲಿನ ಸೆಟ್ಟನ್ನು ಒತ್ತಿ ಹಿಡಿದು, ಜನ್ಮದಲ್ಲಿ ಹೇಳದಷ್ಟು ಸ್ಪಷ್ಟವಾಗಿ, "ಸೀ... ಟಿ" ಎಂದರು.

"ಹಾಗಾದ್ರೆ ನನ್ನ ಮೂರು ಸೀತೆಯರು? ಬುಕ್‌ಲೆಟ್ಟಲ್ಲಿ ಎರಡು ಪೇಜ್ ಬರ್ದಿದೀನಲ್ಲ!"

ಒಲೆಯ ಮೇಲಿಂದ ಮತ್ತೊಂದು ಕೂಗು ಎದ್ದು, ಏರಿ, ಥಟ್ಟನೆ ನಿಂತಿತು. ಅಹಲ್ಯಮ್ಮ ಸಪ್ಪೆ ಸಾರಿನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮೂರನೆಯವಳೂ ಕೂಗಿದಳು ಮಗಾ. ಎದ್ದು ಹೋಗಿ ಗ್ಯಾಸ್ ಆರಿಸು."